ಬೆಂಕಿಪೊಟ್ಟಣಕ್ಕೆ ಬಿಸಿನೀರು

“ಟಪ್” ಅಂತ ಸದ್ದಾಯಿತು.

ದೊಡ್ಡ ಸದ್ದೇನಲ್ಲ. ಹುರುಳಿಕಾಯಿ ಮುರಿದಷ್ಟು. ಆದರೂ ಸೂಜಿ ನಿಂತಲ್ಲೇ ಕಲ್ಲಾದಳು. ಕೈಯಲ್ಲಿದ್ದ ಚೊಂಬಿನಿಂದ ಇನ್ನೂ ಹಬೆ ಏಳುತ್ತಿತ್ತು. ಎದುರಿಗಿದ್ದ ಕಾರಿನ ಮುಂದಿನ ಗಾಜಿನ ಕೆಳಮೂಲೆಯಲ್ಲಿ ಕೂದಲೆಳೆಯಂಥ ಒಂದು ಗೆರೆ ಮೂಡಿತ್ತು. ಅವಳು ನೋಡುತ್ತಿದ್ದ ಹಾಗೆಯೇ ಅದು ಮೇಲಕ್ಕೆ ಹರಿಯಿತು, ಒಂದು ಕಡೆ ಬಳುಕಿತು, ಆಮೇಲೆ ನಿಂತಿತು.

“ಅಜ್ಜೀ,” ಅಂದಳು ಸೂಜಿ.

ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದ ಅಜ್ಜಿ, “ಏನೇ ಅದು ಸದ್ದು?” ಅಂತ ಕೇಳಿದಳು.

“ಮುಖ ಒಡೀತು ಅಜ್ಜಿ.”

“ಯಾರ ಮುಖ?”

ಸೂಜಿ ಕಾರಿನ ಕಡೆ ಕೈ ತೋರಿಸಿದಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದಳು. ನೋಡಿದವಳೇ ಶಾಲಿನ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆ ಮನೆಯಲ್ಲಿ ಅಜ್ಜಿಯದೊಂದು ಕಾನೂನು ಇತ್ತು. ಬೆಟ್ಟದ ಮೇಲಿನ ಆ ಊರಿನ ಹೆಪ್ಪುಗಟ್ಟಿಸುವ ಚಳಿಗಾಲದಲ್ಲಿ ಬಿಸಿನೀರಲ್ಲಿ ಮುಖ ತೊಳೆಯದೆ ಯಾರೂ ಹೊಸಿಲು ದಾಟುವ ಹಾಗಿಲ್ಲ. ಒಮ್ಮೆ ಕರೆಂಟ್ ಮೀಟರ್ ಓದಲು ಬಂದವರನ್ನೂ ಅಜ್ಜಿ ಬಿಟ್ಟಿರಲಿಲ್ಲ. ಪಾಪ, ಅವರು ಚೊಂಬು ಇಸಿದುಕೊಂಡು, ಮುಖ ತೊಳೆದು, ಮೀಟರ್ ಓದುವುದನ್ನೇ ಮರೆತು ಹೋಗಿದ್ದರು.

ಕಳೆದ ಭಾನುವಾರ ಅಮ್ಮನ ತಮ್ಮ, ಅಂದರೆ ಸೂಜಿಯ ಮಾವ, ಈ ಕಾರನ್ನು ತಂದು ಅಂಗಳದಲ್ಲಿ ನಿಲ್ಲಿಸಿದಾಗ ತಮಾಷೆಗೆ ಹೇಳಿದ್ದ: “ನೋಡೇ ಸೂಜಿ, ಇನ್ನುಮೇಲೆ ಇದೂ ಮನೆಯವರ ಲೆಕ್ಕ. ಬೆಳಗ್ಗೆ ಇದರ ಮುಖ ತೊಳೆದು, ಕಣ್ಣು ಬಿಡಿಸಿ, ಆಮೇಲೆ ಹೊರಡಬೇಕು.”

ಮುಖ ಅಂದರೆ ಮುಂದಿನ ಗಾಜು, ಕಣ್ಣು ಅಂದರೆ ಲೈಟು. ಅಪ್ಪ, ಅಮ್ಮ ಇಬ್ಬರೂ ನಕ್ಕಿದ್ದರು. ಅಜ್ಜಿ ಮತ್ತು ಸೂಜಿ ನಗಲಿಲ್ಲ. ಅವರು ಅದನ್ನು ನೆನಪಿಟ್ಟುಕೊಂಡರು.

ಇವತ್ತು ಬೆಳಗ್ಗೆ ನೋಡಿದರೆ ಗಾಜಿನ ತುಂಬ ಮಂಜು ಹೆಪ್ಪುಗಟ್ಟಿ, ಸಕ್ಕರೆ ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. “ಅಯ್ಯೋ ಪಾಪ, ರಾತ್ರಿಯೆಲ್ಲ ಹೊರಗೇ ನಿಂತಿದೆ. ಎಲ್ಲರಿಗೂ ಕೊಟ್ಟು ಅದಕ್ಕೊಂದಕ್ಕೆ ಕೊಡದೆ ಇದ್ದರೆ ಹೇಗೆ?” ಅಂತ ಅಜ್ಜಿಯೇ ಚೊಂಬು ತುಂಬಿಸಿ ಕೊಟ್ಟಿದ್ದಳು.

ಇವರ ಮಾತು ಕೇಳಿ ಅಪ್ಪ ಓಡಿ ಬಂದ. ಅಪ್ಪ ಟೈಲರ್. ಎದ್ದಾಗಿನಿಂದ ಮಲಗುವ ತನಕ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿರುತ್ತದೆ. ಅಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್. “ಅಪ್ಪನ ಅನ್ನವೂ ಸೂಜಿಯಿಂದ, ಅಮ್ಮನ ಅನ್ನವೂ ಸೂಜಿಯಿಂದ. ಮಗಳು ಇನ್ನೇನಾಗ್ತಾಳೆ?” ಅಂತ ಅಜ್ಜಿಯೇ ಅವಳಿಗೆ ಆ ಹೆಸರಿಟ್ಟದ್ದು. ಅವಳು ಕೇಳುವ ಪ್ರಶ್ನೆಗಳಿಗೂ ಆ ಹೆಸರು ಒಪ್ಪುತ್ತಿತ್ತು.

ಅಪ್ಪ ಗಾಜನ್ನು ನೋಡಿದ. ಚೊಂಬನ್ನು ನೋಡಿದ. ಅಜ್ಜಿಯನ್ನು ನೋಡಿದ.

“ನಾನು ನೀರು ಕೊಟ್ಟೆ, ಅಷ್ಟೇ,” ಅಂದಳು ಅಜ್ಜಿ. “ಸುರಿ ಅಂತ ಹೇಳಿದ್ನಾ?”

“ಇನ್ನೇನು ಕುಡಿಸೋಕೆ ಕೊಟ್ಯಾ?” ಅಂದ ಅಪ್ಪ. ಅಷ್ಟರಲ್ಲಿ ಅವನ ಕೈ ತನ್ನಷ್ಟಕ್ಕೆ ಟೇಪು ತೆಗೆದು ಬಿರುಕಿನ ಉದ್ದ ಅಳೆಯುತ್ತಿತ್ತು. “ಒಂದು ಗೇಣು. ಬಟ್ಟೆಯಾಗಿದ್ದರೆ ಒಳಗಿಂದ ಒಂದು ಹೊಲಿಗೆ ಹಾಕಿಬಿಡ್ತಿದ್ದೆ.”

ಸೂಜಿಗೆ ನಗು ಬರಲಿಲ್ಲ. ಈ ಕಾರು ಮನೆಗೆ ಯಾಕೆ ಬಂತು ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೋದ ಚಳಿಗಾಲದಲ್ಲಿ ಸೇತುವೆಯ ಮೇಲೆ ಅಮ್ಮನ ಸ್ಕೂಟರ್ ಜಾರಿತ್ತು. ರಸ್ತೆ ಒದ್ದೆಯಾಗಿದೆ ಅಂದುಕೊಂಡಳಂತೆ. ಅದು ನೀರಲ್ಲ, ಗಟ್ಟಿಯಾದ ಮಂಜು. ಆಮೇಲೆ ಎಷ್ಟೋ ದಿನ ಅಮ್ಮನ ಕೈಗೆ ಪ್ಲಾಸ್ಟರ್ ಇತ್ತು. ಸೂಜಿಯ ಜಡೆಯನ್ನು ಅಪ್ಪ ಹೆಣೆಯುತ್ತಿದ್ದ, ಅದೂ ಹೊಲಿಗೆ ಬಿಚ್ಚಿಹೋಗದ ಹಾಗೆ ಬಿಗಿಯಾಗಿ.

ಅಷ್ಟು ಬೆಳಗ್ಗೆ ಆಸ್ಪತ್ರೆಯ ಕಡೆ ಬಸ್ಸಿಲ್ಲ. “ಈ ಸಲ ಚಳಿಗಾಲಕ್ಕೆ ನಾಲ್ಕು ಚಕ್ರ, ಮೇಲೊಂದು ಸೂರು ಇರೋ ಗಾಡಿ ಬೇಕು,” ಅಂತ ಅಪ್ಪ ಹಟ ಹಿಡಿದ. ಆದರೆ ಓಡಿಸುವುದು ಅವನ ಕೈಲಾಗದು. ಅಪ್ಪನಿಗೆ ಹೊಲಿಗೆ ಸೂಜಿಯ ಕಣ್ಣು ಕಾಣುತ್ತದೆ, ಎದುರಿಗೆ ಬರುವ ಲಾರಿ ಕಾಣುವುದಿಲ್ಲ. ಹಾಗಾಗಿ ಅಮ್ಮ ಮಾವನ ಹತ್ತಿರ ಡ್ರೈವಿಂಗ್ ಕಲಿತಳು, ಲೈಸೆನ್ಸ್ ಮಾಡಿಸಿಕೊಂಡಳು. ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಚಿಕ್ಕ, ಹಳೆಯ ಕಾರೊಂದನ್ನು ಮಾವ ಹುಡುಕಿದ. ಒಳಗೆ ಕೂತರೆ ಅಪ್ಪ ಇಸ್ತ್ರಿ ಮಾಡಿ ಮಡಚಿಟ್ಟ ಪ್ಯಾಂಟಿನ ಹಾಗೆ ಕಾಣುತ್ತಿದ್ದ.

“ಇದೇನೋ ಬೆಂಕಿಪೊಟ್ಟಣ,” ಅಂದಿದ್ದಳು ಅಜ್ಜಿ.

“ಚಳಿಗಾಲಕ್ಕೆ ಬೆಂಕಿಪೊಟ್ಟಣ ಅಲ್ದೆ ಇನ್ನೇನು ಬೇಕು?” ಅಂದಿದ್ದ ಮಾವ.

ಇವತ್ತು ಅಮ್ಮ ಮೊದಲ ಸಲ ಅದರಲ್ಲಿ ಕೆಲಸಕ್ಕೆ ಹೊರಡಬೇಕಿತ್ತು. ಸೂಜಿಯನ್ನು ದಾರಿಯಲ್ಲಿ ಸ್ಕೂಲಿಗೆ ಬಿಡಬೇಕಿತ್ತು. ಈಗ ಗಾಜು ಒಡೆದಿದೆ. ಇನ್ನು ಅಮ್ಮ ಸ್ಕೂಟರ್ ತೆಗೆಯುತ್ತಾಳೆ. ಸೇತುವೆ ಅಲ್ಲೇ ಇದೆ.

ಒಳಗಿನಿಂದ ಅಮ್ಮ ಬಂದಳು. ಯೂನಿಫಾರ್ಮಿನ ಮೇಲೆ ಸ್ವೆಟರ್, ಕೈಯಲ್ಲಿ ಕಾರಿನ ಕೀ. ಎಲ್ಲರೂ ಸುಮ್ಮನೆ ನಿಂತಿದ್ದನ್ನು ಕಂಡು ಅವಳೂ ನಿಂತಳು. ಗಾಜಿನ ಕಡೆ ನೋಡಿದಳು.

ಸೂಜಿ ಬೈಗುಳಕ್ಕೆ ತಲೆ ತಗ್ಗಿಸಿದಳು. ಬೈಗುಳ ಬರಲಿಲ್ಲ. ಕಣ್ಣೆತ್ತಿ ನೋಡಿದಳು.

ಅಮ್ಮನ ಭುಜ ಮೆಲ್ಲಗೆ ಕೆಳಗಿಳಿಯಿತು. ಉಸಿರು ಹೊರಗೆ ಬಿಟ್ಟಳು. ಪರೀಕ್ಷೆ ಮುಂದಕ್ಕೆ ಹೋಯಿತು ಅಂತ ಟೀಚರ್ ಹೇಳಿದಾಗ ಕ್ಲಾಸಿನಲ್ಲಿ ಎಲ್ಲರೂ ಬಿಡುತ್ತಾರಲ್ಲ, ಅಂಥ ಉಸಿರು.

“ಪರವಾಗಿಲ್ಲ ಬಿಡಿ,” ಅಂದಳು ಅಮ್ಮ. “ಗೊತ್ತಿಲ್ಲದೆ ಆಗಿದ್ದು. ಸೂಜಿ, ಚೊಂಬು ಒಳಗಿಡು. ರೀ, ಸ್ಕೂಟರ್ ಕೀ ಎಲ್ಲಿದೆ?”

ಸೂಜಿಗೆ ದಿಗ್ಭ್ರಮೆಯಾಯಿತು. ಒಂದು ಲೋಟ ಒಡೆದರೆ ಮೂರು ದಿನ ನೆನಪಿಸುವ ಅಮ್ಮ ಇವಳೇನಾ? ಪ್ರಶ್ನೆ ಬಾಯಿಂದ ಜಾರಿಯೇ ಬಿಟ್ಟಿತು.

“ಅಮ್ಮಾ, ಗಾಜು ಒಡೆದಿದ್ದಕ್ಕೆ ನಿಂಗೆ ಖುಷಿ ಆಯ್ತಾ?”

ಅಪ್ಪನ ಟೇಪು ಕೈಯಿಂದ ಜಾರಿ ಸುರುಳಿಯಾಯಿತು. ಅಮ್ಮನ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು.

“ಸ್ಕೂಟರ್ ಬೇಡ,” ಅಂದ ಅಪ್ಪ ಕೊನೆಗೆ. “ರಸ್ತೆ ನೋಡಿದ್ಯಾ ಹೇಗಿದೆ?”

“ನಿಧಾನಕ್ಕೆ ಹೋಗ್ತೀನಿ.”

“ಹೋದ ವರ್ಷ ಏನು ಜೋರಾಗಿ ಹೋಗಿದ್ಯಾ?”

ಅಮ್ಮ ಕಾರಿನ ಕೀಯನ್ನು ಅಪ್ಪನ ಕೈಗಿಟ್ಟಳು. “ಸ್ಕೂಟರಲ್ಲಿ ಬಿದ್ದರೆ ನಾನೊಬ್ಬಳೇ ಬೀಳ್ತೀನಿ ರೀ. ಇದರಲ್ಲಿ ಹಿಂದಿನ ಸೀಟಲ್ಲಿ ಇವಳಿರ್ತಾಳೆ. ಮುಂದೆ ರಸ್ತೆ ದಾಟೋ ಜನ ಇರ್ತಾರೆ. ವಾರ್ಡಿಗೆ ಎಂಥೆಂಥ ಮಕ್ಕಳು ಬರ್ತಾವೆ ಅಂತ ನಿಮಗೆ ಗೊತ್ತಿಲ್ಲ. ನಂಗೆ ಗೊತ್ತು.”

ಇಷ್ಟು ದಿನ ಅಮ್ಮ ಇದನ್ನು ಯಾರಿಗೂ ಹೇಳಿರಲಿಲ್ಲ. ಮೈದಾನದಲ್ಲಿ ಕಾರು ಓಡಿಸಿ ಬಂದಾಗೆಲ್ಲ “ಹೇಗಿತ್ತು?” ಅಂತ ಅಪ್ಪ ಕೇಳಿದರೆ “ಚೆನ್ನಾಗಿತ್ತು” ಅನ್ನುತ್ತಿದ್ದಳು. ಅಪ್ಪ ಕೀಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಿಂತ.

ಅಜ್ಜಿ ಮೆಟ್ಟಿಲಿಳಿದು ಬಂದಳು.

“ಒಬ್ಬಳೇ ಬೀಳೋದು ಅಂದ್ರೇನು?” ಅಂದಳು. “ಹೋದ ಸಲ ನೀನು ಬಿದ್ದಾಗ ಈ ಮನೇಲಿ ನೆಟ್ಟಗೆ ನಿಂತವರು ಯಾರಿದ್ರು? ಇವನು ಕತ್ತರಿ ಹಿಡಿದರೆ ಬಟ್ಟೆ ಅಡ್ಡಡ್ಡ ಹರೀತಿತ್ತು. ಯಾರದೋ ಕೋಟಿಗೆ ಎರಡೂ ಎಡಗೈ ತೋಳೇ ಹೊಲಿದು ಕಳಿಸಿದ. ಈ ಹುಡುಗಿ ಒಂದು ತಿಂಗಳು ಒಂದೂ ಪ್ರಶ್ನೆ ಕೇಳಲಿಲ್ಲ.”



ಅಷ್ಟರಲ್ಲಿ ಅಪ್ಪ ಫೋನ್ ಮಾಡಿದ್ದಕ್ಕೆ ಪಕ್ಕದ ಬೀದಿಯಿಂದ ಮಾವ ಬಂದ. ತಲೆಗೆ ಮಫ್ಲರ್ ಸುತ್ತಿಕೊಂಡು ಕಣ್ಣು ಮೂಗು ಮಾತ್ರ ಬಿಟ್ಟಿದ್ದ. ಗಾಜನ್ನು ಒಳಗಿಂದ, ಹೊರಗಿಂದ ಬೆರಳಲ್ಲಿ ತಡವಿ ನೋಡಿದ.

“ಯಾರು ತೊಳೆಸಿದ್ದು ಮುಖ?”

“ನೀನೇ ತಾನೆ ತೊಳೀಬೇಕು ಅಂದಿದ್ದು?” ಅಂದಳು ಸೂಜಿ.

“ಅಂದಿದ್ದೆ. ಬಿಸಿನೀರು ಅಂದಿದ್ನಾ? ಚಳಿಗೆ ಸೆಟೆದುಕೊಂಡ ಗಾಜಿಗೆ ಬಿಸಿನೀರು ಬಿದ್ದರೆ ಇನ್ನೇನಾಗುತ್ತೆ?” ಮಾವ ಅಮ್ಮನ ಕಡೆ ತಿರುಗಿದ. “ಅಕ್ಕ, ಇದು ಎರಡು ಪದರದ ಗಾಜು. ನಡುವೆ ಪ್ಲಾಸ್ಟಿಕ್ ಹಾಳೆ ಇದೆ. ಉದುರಲ್ಲ. ಬಿರುಕು ನೀನು ಕೂರೋ ಕಡೆ ಇಲ್ಲ, ದಾರಿಗೆ ಅಡ್ಡ ಬರಲ್ಲ. ಇವತ್ತು ನಿಧಾನವಾಗಿ ಹೋಗಿ ಬಾ. ಸಂಜೆ ಗ್ಯಾರೇಜಿಗೆ ಕೊಟ್ಟು ಬೇರೆ ಗಾಜು ಹಾಕಿಸೋಣ.”

“ಇನ್ನೂ ದೊಡ್ಡದಾದ್ರೆ?”

ಅಪ್ಪ ಒಳಗೆ ಹೋಗಿ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತಂದ. ಮಂಡಿ ಮಡಚಿ ಕಾರಿನೊಳಗೆ ತೂರಿ, ಬಿರುಕು ಮುಗಿಯುವ ಕಡೆ ಗಾಜಿನ ಮೇಲೆ ಒಂದು ಅಡ್ಡಗೆರೆ ಎಳೆದ.

“ಇದನ್ನ ದಾಟಿದರೆ ಗಾಡಿ ನಿಲ್ಲಿಸಿ ಫೋನ್ ಮಾಡು. ಸೂಜಿ, ಇದನ್ನ ನೋಡ್ಕೊಳ್ಳೋದು ನಿನ್ನ ಡ್ಯೂಟಿ.”

ಉಳಿದ ಮಂಜನ್ನು ಮಾವ ಸೂಜಿಯ ಪ್ಲಾಸ್ಟಿಕ್ ಸ್ಕೇಲಿನಲ್ಲೇ ಕೆರೆದು ತೆಗೆದ. ಅಮ್ಮ ಸ್ವಲ್ಪ ಹೊತ್ತು ಗಾಜನ್ನೇ ನೋಡುತ್ತಿದ್ದಳು. ಆಮೇಲೆ ಅಪ್ಪನ ಮುಂದೆ ಕೈ ಚಾಚಿದಳು. ಅಪ್ಪ ಕೀ ಕೊಟ್ಟ.

ಬೆಂಕಿಪೊಟ್ಟಣ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಎರಡನೇ ಸಲಕ್ಕೆ ಗುರುಗುಟ್ಟಿತು. ಬೀದಿಗೆ ಇಳಿಯಿತು.

ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತ ಸೂಜಿ ಸೀಮೆಸುಣ್ಣದ ಗೆರೆಯಿಂದ ಕಣ್ಣು ತೆಗೆಯಲಿಲ್ಲ. ಔಷಧಿ ಅಂಗಡಿ ಹೋಯಿತು. ಮುಚ್ಚಿದ ಸಿನೆಮಾ ಥಿಯೇಟರ್ ಹೋಯಿತು. ಉಬ್ಬಿನ ಮೇಲೆ ಕಾರು ಕುಲುಕಿದಾಗ ಅವಳ ಎದೆಯೂ ಕುಲುಕಿತು. ಬಿರುಕು ಗೆರೆ ದಾಟಲಿಲ್ಲ.

ತಿರುವು ತಿರುಗಿದ ಕೂಡಲೇ ಸೇತುವೆ ಬಂತು.

ಕಂಬಿಗಳ ಮೇಲೆ ಮಂಜು ಬೆಳ್ಳಗೆ ಕೂತಿತ್ತು. ರಸ್ತೆ ಕಪ್ಪಗೆ ಹೊಳೆಯುತ್ತಿತ್ತು. ನಡುಸೇತುವೆಯಲ್ಲಿ ಮುಂದಿದ್ದ ಹಾಲಿನ ವ್ಯಾನ್ ನಿಂತಿತು. ಅಮ್ಮ ಬ್ರೇಕ್ ಒತ್ತಿದಳು. ಚಕ್ರ ಒಂದಿಷ್ಟು ಜಾರಿ, ಹಿಡಿತ ಸಿಕ್ಕಿ ನಿಂತಿತು. ಇಂಜಿನ್ ಆಫ್ ಆಯಿತು. ವ್ಯಾನ್ ಹೊರಟುಹೋಯಿತು. ಕಾರು ಹೊರಡಲಿಲ್ಲ. ಹಿಂದಿನಿಂದ ಯಾರೋ ಹಾರ್ನ್ ಮಾಡಿದರು.

ಸೂಜಿ ಗೆರೆಯಿಂದ ಕಣ್ಣು ತೆಗೆದು ಅಮ್ಮನ ಕಡೆ ನೋಡಿದಳು. ಸ್ಟೀರಿಂಗ್ ಮೇಲೆ ಅಮ್ಮನ ಎರಡೂ ಕೈ ನಡುಗುತ್ತಿದ್ದವು.

ಆ ಕೈಗಳು ನಡುಗುತ್ತವೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ನಿನ್ನೆ ಮೊನ್ನೆ ಹುಟ್ಟಿದ ಮಗುವಿನ ದಾರದಂಥ ನರವನ್ನೂ ಹುಡುಕುವ ಕೈ ಅವು. ಡಾಕ್ಟರೇ ಕರೆದು “ಸಿಸ್ಟರ್, ನೀವೇ ಹಾಕಿ” ಅನ್ನುವ ಕೈ. ಬೆಳಗ್ಗೆ ಗಾಜು ಒಡೆದಾಗಲೂ ಸೂಜಿ ಹೀಗೆ ಬೆಚ್ಚಿರಲಿಲ್ಲ.

“ಏನೂ ಆಗಲ್ಲ ಪುಟ್ಟಾ,” ಅಂದಳು ಅಮ್ಮ. “ಒಂದು ಸಲ ಉಸಿರು ಬಿಡು. ಹಾಂ, ಹಾಗೆ. ಈಗ ಕೀ ತಿರುಗಿಸೋಣ. ಸ್ವಲ್ಪ ಸದ್ದಾಗುತ್ತೆ, ಅಷ್ಟೇ.”

‘ನಂಗೇನೂ ಭಯ ಇಲ್ಲ’ ಅನ್ನಲು ಸೂಜಿ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು.

ಅಮ್ಮ ಅವಳನ್ನು ಯಾವತ್ತೂ ಪುಟ್ಟಾ ಅಂದವಳಲ್ಲ. ಅದು ವಾರ್ಡಿನ ಮಾತು. ಇಂಜೆಕ್ಷನ್ನಿಗೆ ತೋಳು ಚಾಚಿ, ಮುಖ ಆ ಕಡೆ ತಿರುಗಿಸಿಕೊಂಡು ಕೂತ ಮಕ್ಕಳಿಗೆ ಹೇಳುವ ಮಾತು. ಕನ್ನಡಿಯಲ್ಲಿ ಅಮ್ಮನ ಕಣ್ಣು ಕಾಣುತ್ತಿತ್ತು. ಅದು ಹಿಂದಿನ ಸೀಟಿನ ಕಡೆ ನೋಡುತ್ತಲೇ ಇರಲಿಲ್ಲ, ಸ್ಟೀರಿಂಗ್ ಮೇಲಿನ ತನ್ನದೇ ಕೈಗಳನ್ನು ನೋಡುತ್ತಿತ್ತು.

ಕಾರಿನಲ್ಲಿ ಇದ್ದವರು ಇಬ್ಬರೇ.

ಇಂಜಿನ್ ಗುರುಗುಟ್ಟಿತು. ಬೆಂಕಿಪೊಟ್ಟಣ ಮೆಲ್ಲಗೆ ಮುಂದಕ್ಕೆ ತೆವಳಿತು.

“ಆಯ್ತು, ಆಯ್ತು,” ಅಂದಳು ಅಮ್ಮ. “ಜಾಣ ಪುಟ್ಟ. ಇನ್ನು ಸ್ವಲ್ಪವೇ ಇರೋದು. ಆಯ್ತಾ?”

ಸೂಜಿಯ ನಾಲಿಗೆಯ ತುದಿಯಲ್ಲಿ ಪ್ರಶ್ನೆಗಳು ಸಾಲುಗಟ್ಟಿ ನಿಂತಿದ್ದವು. ಅವಳು ಒಂದನ್ನೂ ಹೊರಗೆ ಬಿಡಲಿಲ್ಲ. ಆದರೆ ‘ಆಯ್ತಾ’ ಅಂತ ಕೇಳಿದ ಮೇಲೆ ಯಾರಾದರೂ ಒಬ್ಬರು ಓಗೊಡಬೇಕಲ್ಲ.

“ಹೂಂ,” ಅಂದಳು ಸೂಜಿ, ಆ ಪುಟ್ಟನ ಪರವಾಗಿ.