ಚಕ್ರದ ಹಿಂದಿನ ಪಾಂಡವ

ಕೃಷ್ಣೆಯ ದಂಡೆಯ ಬಂಡೆಗುಡ್ಡದಲ್ಲಿ ಒಂದು ಗವಿ ಇದೆಯಂತೆ. ಯಾವ ಕಾಲದವರೋ ಅದರ ಗೋಡೆಗೆ ಕೆಮ್ಮಣ್ಣಿನಲ್ಲಿ ಎತ್ತುಗಳನ್ನು ಬರೆದಿದ್ದಾರಂತೆ. ಅದನ್ನು ಹುಡುಕಿ ನೋಡಿ ಬರಬೇಕೆಂಬುದು ಸುಮಂಗಲಾಳ ಬಹುದಿನದ ಹಟ. ರಾಯಚೂರಿನಿಂದ ಹೊರಟ ದಂಡಿನಲ್ಲಿ ಮೂವರಿದ್ದರು: ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಅವಳು, ಹಳೇ ಕಾರು ಓಡಿಸುವ ಗಂಡ ಅನಿಲಕುಮಾರ, ರೊಟ್ಟಿಬುತ್ತಿ ಹಿಡಿದ ಅತ್ತೆ ಪಾರ್ವತೆಮ್ಮ.

ದೇವದುರ್ಗ ದಾಟಿ ಡಾಂಬರು ಮುಗಿದ ಮೇಲೆ ಜಾಲಿಮುಳ್ಳು ಎರಡೂ ಕಡೆಯಿಂದ ಗಾಜು ಗೀರತೊಡಗಿತು. ಯಾರೋ ಆಡುತ್ತ ಪೇರಿಸಿಟ್ಟಂತಿದ್ದ ಬಂಡೆಗಳ ನಡುವೆ ದಾರಿ ಸಣ್ಣದಾಗುತ್ತ ಹೋಗಿ, ಎರೆಹೊಲದ ಬದುವಿನ ಪಕ್ಕ ದಿಣ್ಣೆ ಏರಿತು. ಬಿರುಕು ಬಿಟ್ಟ ಕಪ್ಪು ನೆಲ, ಕೊಯ್ದ ಜೋಳದ ಕೂಳೆ, ದೂರದಲ್ಲಿ ಹೊಳೆಯ ತೆಳ್ಳನೆಯ ಹೊಳಪು. ಕಾರು ತಿರುಗಿಸಲು ಜಾಗವಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಶಾಲೆಗೂ ಅಡುಗೆಮನೆಗೂ ನಡುವೆ ಸುತ್ತಿ ಸುತ್ತಿ ಸವೆದವಳಿಗೆ, ಇಷ್ಟು ದೂರ ಬಂದರೂ ಗೋಡೆಗಳು ಬೆನ್ನು ಬಿಡಲಿಲ್ಲವಲ್ಲ ಎನಿಸಿತು.

ಧಡ್! ಕಲ್ಲು ಬಡಿದು ಸೈಲೆನ್ಸರ್ ನೇತಾಡಿತು.

“ತಂತಿ ಬಿಗಿದ್ರ ಆತು. ಮನಿಯಾಗ ನಾನೇ ಮಾಡಿಲ್ಲೇನು?” ಅನಿಲಕುಮಾರ ಜಾಕ್ ಏರಿಸಿದ.

“ಬರೇ ಜಾಕ್ ನಂಬಿ ಒಳಗ ಹೋಗಬ್ಯಾಡ್ರಿ. ಗೇರಿನಾಗರ ಹಾಕ್ರಿ.”

“ಗಾಲಿ ಹಿಂದ ಕಲ್ಲು ಇಟ್ಟೀನಿ. ಬಣ್ಣ ಹಚ್ಚೋ ಟೀಚರಿಗೆ ಇದ್ಯಾಕ ಬೇಕು?”

ಅವಳು ಡಿಕ್ಕಿಯಿಂದ ಸ್ಟೆಪ್ನಿ ಗಾಲಿ ಉರುಳಿಸಿ ತಂದು ಜಾಕಿನ ಪಕ್ಕ ಕಾರಿನಡಿ ತಳ್ಳಿದಳು.

“ನನಗ ತಲಿದಿಂಬು ಏನು?” ಎಂದು ನಗುತ್ತ ಅವನು ಅಂಗಾತ ಒಳಗೆ ಸರಿದ.

ಆಗ ಪಾರ್ವತೆಮ್ಮನ ಕಣ್ಣು ಚಕ್ರದ ಹಿಂದಿನ ಕಲ್ಲಿನ ಮೇಲೆ ಬಿತ್ತು. ಅದಕ್ಕೆ ಸುಣ್ಣ ಹಚ್ಚಿತ್ತು. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸುತ್ತಾರೆ. ಮಗ ಅವರಲ್ಲೊಬ್ಬನನ್ನು ಎತ್ತಿ ತಂದಿದ್ದ.

“ದೇವರಿಗೆ ಗಾಲಿ ತಾಗಸ್ತೀಯೇನಲೇ ಅನಿಲ್ಯಾ!” ಎನ್ನುತ್ತ ಮುದುಕಿ ಕಲ್ಲನ್ನು ಕಿತ್ತೇಬಿಟ್ಟಳು.

ಕಾರು ಹಿಂದಕ್ಕೆ ಜಾರಿತು.

ಜಾಕ್ ವಾಲಿತು. ಉರುಳಿತು.

ಕಬ್ಬಿಣದ ಹೊಟ್ಟೆ ಕುಸಿದು ಸ್ಟೆಪ್ನಿಯ ಮೇಲೆ ಕೂತಿತು.

“ಸುಮಾ... ಎದಿ ಒತ್ತಾಕತ್ತದ... ಉಸುರು...”

ಪಾರ್ವತೆಮ್ಮ ಚೀರುತ್ತ ಬಂಪರಿಗೆ ಕೈ ಹಾಕಿದಳು.

“ಅತ್ತಿ, ಕೈ ಬಿಡ್ರಿ! ಅಲಗಿದ್ರ ಮತ್ತ ಜಾರ್ತದ. ದೊಡ್ಡ ಕಲ್ಲು ತರ್ರಿ!”

“ದೊಡ್ಡವು ಎಲ್ಲಿ ಅದಾವ? ಅವರೈದು ಮಂದೀನೇ ಇರೋದು!”

“ಅವರನ್ನೇ ತರ್ರಿ!”

ಮುದುಕಿ ಓಡಿದಳು. “ಧರ್ಮರಾಯಾ, ತಪ್ಪಾತೋ ಯಪ್ಪಾ! ಭೀಮಣ್ಣಾ, ನನ್ನ ಮಗನ್ನ ಹಿಡಿಯೋ!” ಎಂದು ಒಬ್ಬೊಬ್ಬರನ್ನೇ ಹೊತ್ತು ತಂದಳು. ಸುಮಂಗಲಾ ಅವರನ್ನು ನೆಲದ ಮೇಲಿದ್ದ ಚಕ್ರಗಳ ಹಿಂದೆ ಮುಂದೆ ಒತ್ತಿಟ್ಟಳು. ಬಾಗಿಲಿಂದ ತೋಳು ಚಾಚಿ, ಸರಿಯಾಗಿ ಹಿಡಿಯದ ಹ್ಯಾಂಡ್‌ಬ್ರೇಕನ್ನು ಇನ್ನಷ್ಟು ಎಳೆದಳು. ಜಾಕನ್ನು ಹೊರಗೆಳೆದು ನಿಲ್ಲಿಸಿ ತಿರುಗಿಸಿದಳು.

ಕಾರು ಏರಲಿಲ್ಲ. ಜಾಕೇ ಎರೆಮಣ್ಣಿನೊಳಗೆ ಇಳಿಯಿತು.

“ಜಲ್ದಿ ಎತ್ತು! ಎಳಿ ನನ್ನ!”

“ಸುಮ್ನ ಮಲಕ್ಕೋರಿ. ನಾ ಹೇಳೋತನಕ ಅಲಗಬ್ಯಾಡ್ರಿ.”

ಅವನಿಗೀಗ ಅವಳ ಮಾತಿನ ಹೊರತು ಹಿಡಿಯಲು ಬೇರೇನೂ ಇರಲಿಲ್ಲ. ಅದು ತಿಳಿದು ಅವಳಿಗೆ ಗೆಲುವು ಅನಿಸಲಿಲ್ಲ, ಭಯವಾಯಿತು. ಬದುವಿನಿಂದ ಒಂದು ಚಪ್ಪಟೆ ಹಾಸುಗಲ್ಲು ಕಿತ್ತು ತಂದು ಮಣ್ಣು ಸರಿಸಿ ಹಾಸಿದಳು. ಅದರ ಮೇಲೆ ಜಾಕ್ ಇಟ್ಟು ಮೆಲ್ಲಗೆ ತಿರುಗಿಸಿದಳು. ಅಂಗೈಯ ತೊಗಲು ಕಿತ್ತು ಬಂತು. ಕೊನೆಗೆ ಸ್ಟೆಪ್ನಿಗೂ ಕಾರಿಗೂ ನಡುವೆ ಬೆಳಕು ಕಂಡಿತು.

“ಈಗ ಬರ್ರಿ. ಮೆಲ್ಲಕ.”

ಅವನು ತೆವಳಿ ಬಂದ. ಎದೆಯ ಮೇಲೆ ಕೆಂಪನೆ ಬಾಸುಂಡೆ ಎದ್ದಿತ್ತು. ತಾಯಿ ಅವನನ್ನು ತಬ್ಬಿ ಅತ್ತಳು, ಬೈದಳು, ಮತ್ತೆ ಅತ್ತಳು. ಅವನು ನೀರು ಕುಡಿದು ತಂತಿಗೆ ಕೈ ಚಾಚಿದ.

“ಒಂದೀಟು ಒಳಗ ಹೋಗಿ ಬಿಗಿದ್ರ...”

“ಹೋಗಂಗಿಲ್ಲ.”

ಕೇಳಿಕೊಂಡ ದನಿಯಲ್ಲ ಅದು. ಅವನು ತಂತಿಯನ್ನು ಅವಳ ಕೈಗೆ ಕೊಟ್ಟ. ಕಾರು ಇಳಿಸಿದ ಮೇಲೆ ಅವಳು ಹೊರಗಿನಿಂದಲೇ ಕೈ ಚಾಚಿ ಪೈಪನ್ನು ಕೊಕ್ಕೆಗೆ ಕಟ್ಟಿದಳು.

“ಗವಿ?” ಎಂದ ಮೆತ್ತಗೆ.

“ಮೊದಲ ನಿಮ್ಮ ಎದಿ ಡಾಕ್ಟರಿಗೆ ತೋರಸೋಣ. ಆಮ್ಯಾಲ ನಾನೇ ಬರ್ತೀನಿ.”

ಪಾರ್ವತೆಮ್ಮ ಪಾಂಡವರನ್ನು ಅವರವರ ಜಾಗಕ್ಕೆ ಕೂಡಿಸಿ, ಮುಂದೆ ಒಂದು ರೊಟ್ಟಿ ಇಟ್ಟು ಬಂದಳು. ಸುಮಂಗಲಾ ಸ್ಟಿಯರಿಂಗ್ ಹಿಡಿದು ಬಂಡೆಗಳ ನಡುವೆ ಕಾರನ್ನು ಹಿಂದಕ್ಕೇ ಇಳಿಸಿದಳು.

ದೇವದುರ್ಗದ ಬಜಾರಿನಲ್ಲಿ ಸೈಲೆನ್ಸರ್ ಬಿರಿದ ಕಾರಿನ ಅಬ್ಬರಕ್ಕೆ ಜನ ತಿರುಗಿ ತಿರುಗಿ ನೋಡಿದರು. ಅವಳು ಗಾಜು ಏರಿಸಲಿಲ್ಲ.