ಓದದ ಪಾಠಕ್ಕೆ ಬಿದ್ದ ಕೆಂಪು ಗೆರೆ

ಬಾಗಿಲು ತೆಗೆದರೆ ಎದುರುಮನೆಯ ಹುಡುಗಿ. ಒಳಗೆ ಬಾ ಎಂದರೆ ಬರಲೊಲ್ಲಳು, ಏನಮ್ಮಾ ಎಂದರೆ ಬಾಯಿ ಬಿಡಲೊಲ್ಲಳು. ಕಡೆಗೆ ಬಾಗಿಲ ಚೌಕಟ್ಟು ಹಿಡಿದುಕೊಂಡು, "ಆಂಟಿ ಇದ್ದಾರಾ? ನನಗೆ ಹುಚ್ಚು ಹಿಡೀತಿದೆ ಅನ್ಸುತ್ತೆ," ಎಂದಳು.

ಆಂಟಿ ಎಂದರೆ ನನ್ನ ಅಕ್ಕ. ಪರೀಕ್ಷೆಗಳಲ್ಲಿ ಕಾಪಿ ಹೊಡೆಯುವವರನ್ನು ಹಿಡಿಯುವ ದಳದಲ್ಲಿ ದುಡಿದು ನಿವೃತ್ತಳಾದವಳು. ಈಗ ಬೀದಿಯವರ ಕಳುವು, ಜಗಳ, ಸುಳ್ಳುಗಳೆಲ್ಲ ಅವಳ ಪಾಲಿಗೆ. ಅವಳ ಹಿಂದೆ ಬಾಲದಂತೆ ಓಡಾಡುವುದು ನನ್ನ ಪಾಲಿಗೆ. ನಾನು ದರ್ಜಿ. ನನ್ನ ಮಷೀನು ಅರ್ಧಕ್ಕೆ ನಿಂತಷ್ಟು ಸಲ ಬೇರೆ ಯಾವ ದರ್ಜಿಯದೂ ನಿಂತಿರಲಾರದು. ಅಂದೂ ನಿಂತಿತು.

ಹುಡುಗಿ ಮೆಡಿಕಲ್ ಪ್ರವೇಶ ಪರೀಕ್ಷೆಗೆ ಕೂರುತ್ತಿರುವುದು ಮೂರನೆಯ ಸಲ. ಇದೇ ಕೊನೆ ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದರು. ಉಳಿದಿದ್ದುದು ಕೆಲವೇ ವಾರ.

"ಗೋಡೆ ಮೇಲೆ ಅಪ್ಪ ಹಾಕಿಕೊಟ್ಟ ಓದಿನ ವೇಳಾಪಟ್ಟಿ ಇದೆ ಆಂಟಿ. ದಿನಕ್ಕೊಂದು ಸಾಲು, ಪಾಠಕ್ಕೊಂದು ಚೌಕ. ಓದಿ ಮುಗಿಸಿದ್ರೆ ಕೆಂಪು ಪೆನ್ಸಿಲಲ್ಲಿ ಗೆರೆ ಹಾಕ್ತೀನಿ. ಎಷ್ಟೋ ಸಲ ಪುಸ್ತಕದ ಮೇಲೇ ನಿದ್ದೆ ಹೋಗಿಬಿಡ್ತೀನಿ. ಬೆಳಗ್ಗೆ ಎದ್ದು ನೋಡಿದ್ರೆ ಹಿಂದಿನ ದಿನದ ಎಲ್ಲಾ ಪಾಠಕ್ಕೂ ಗೆರೆ ಬಿದ್ದಿರುತ್ತೆ. ಓದಿರ್ಬೇಕು ಅಂದ್ಕೊಂಡು ಮುಂದಕ್ಕೆ ಹೋಗ್ತೀನಿ. ಟೆಸ್ಟಲ್ಲಿ ನೋಡಿದ್ರೆ ಆ ಪಾಠದ್ದು ಒಂದಕ್ಷರ ಗೊತ್ತಿರಲ್ಲ."

"ಮನೇಲಿ ಹೇಳಿದ್ಯಾ?" ಎಂದಳು ಅಕ್ಕ.

"ಏನಂತ ಹೇಳಲಿ? ಓದಿದ್ದೂ ನೆನಪಿಲ್ಲ, ಗೆರೆ ಹಾಕಿದ್ದೂ ನೆನಪಿಲ್ಲ. ಇಂಥವಳು ಡಾಕ್ಟರಾಗಿ ಯಾರ ಪ್ರಾಣ ತೆಗೀಬೇಕು? ನಾನು ಪರೀಕ್ಷೆಗೆ ಕೂರಲ್ಲ ಆಂಟಿ. ನಾಳೆ ಎಲ್ಲರಿಗೂ ಹೇಳಿಬಿಡ್ತೀನಿ."

ಹೇಳುತ್ತಾ ಹೇಳುತ್ತಾ ಅಲ್ಲೇ ಕುಸಿದು ಕೂತಳು. ನಾನು ನೀರು ತರಲು ಎದ್ದೆ. ಅಕ್ಕ ಮಾತ್ರ ಚಪ್ಪಲಿ ಮೆಟ್ಟುತ್ತಾ, "ಏಳು, ಆ ಗೋಡೆ ತೋರಿಸು," ಎಂದಳು.

ಎದುರುಮನೆಯ ಹಜಾರದಲ್ಲಿ ಹುಡುಗಿಯ ಅಪ್ಪ ಫೋನಿನಲ್ಲಿ ಕೂಗಾಡುತ್ತಿದ್ದರು. ಅವರು ಬಸ್ ಡಿಪೋದಲ್ಲಿ ಬಸ್ಸುಗಳ ವೇಳಾಪಟ್ಟಿ ನೋಡಿಕೊಳ್ಳುವವರು. "ಲೇಟಾಯ್ತು ಅಂತ ತಲೆ ಮೇಲೆ ಕೈ ಹೊತ್ತು ಕೂರ್ಬೇಡ್ರಿ! ಕೊನೇ ಟ್ರಿಪ್ ಕೈಬಿಡಿ, ಪಟ್ಟೀಲಿ ಓಡಿದೆ ಅಂತ ತೋರಿಸಿ. ಬೆಳಗ್ಗೆ ಗಾಡಿ ಟೈಮಿಗೆ ಹೊರಡೋದು ಮುಖ್ಯ!" ಅವಳ ಅಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿಗೆ ಹೊರಟು ನಿಂತಿದ್ದರು. ಅವಳ ಅಣ್ಣ ಸೋಫಾದಲ್ಲಿ ಬಿದ್ದುಕೊಂಡಿದ್ದ. ಇದೇ ಪರೀಕ್ಷೆಯಲ್ಲಿ ಸೋತು ಔಷಧಿ ಅಂಗಡಿ ಸೇರಿದವನು ಅವನು. "ಇವಳಿಗೂ ಸೀಟು ಸಿಗಲ್ಲ ಬಿಡಿ," ಎಂದ. ಕಳ್ಳ ಸಿಕ್ಕ ಎಂದುಕೊಂಡೆ ನಾನು.

ಕೋಣೆಯ ಗೋಡೆಯ ತುಂಬಾ ಆ ವೇಳಾಪಟ್ಟಿ. ಉಸಿರಾಡಲೂ ಬಿಡುವಿರಲಿಲ್ಲ. ಅಕ್ಕನ ಮಾತಿನಂತೆ ಹುಡುಗಿ ತನಗೆ ಗೊತ್ತೇ ಇಲ್ಲದ ಪಾಠಗಳನ್ನು ಬೆರಳಿಟ್ಟು ತೋರಿಸಿದಳು. ಎಲ್ಲವೂ ಸಾಲಿನ ಕೊನೆಯ ಚೌಕಗಳೇ.

ಅಕ್ಕ ಅಣ್ಣನನ್ನು ಕರೆದಳು. "ಇವುಗಳಲ್ಲಿ ಮುಖ್ಯವಾದ ಪಾಠ ಯಾವುದಪ್ಪಾ?"

"ಮುಖ್ಯವಾ? ಇವುಗಳಲ್ಲಿ ಅರ್ಧಕ್ಕರ್ಧ ಪಾಠಗಳಿಂದ ಪ್ರಶ್ನೇನೇ ಬರಲ್ಲ."

ಆಮೇಲೆ ಅಕ್ಕ ಹಜಾರಕ್ಕೆ ಬಂದು ಎಲ್ಲರಿಗೂ ಕೇಳುವಂತೆ, "ಇವತ್ತು ಹುಡುಗಿ ನಮ್ಮನೇಲಿ ಮಲಗ್ತಾಳೆ. ಪುಸ್ತಕ ಮುಟ್ಟೋ ಹಾಗಿಲ್ಲ," ಎಂದಳು.

"ಹಾಗಾದ್ರೆ ಇವತ್ತಿನ ಕೊನೇ ಪಾಠ?" ಅಪ್ಪನ ಮುಖ ಸಣ್ಣಗಾಯಿತು.

"ಉಳೀಲಿ."

ಹುಡುಗಿ ನಮ್ಮ ಮನೆಯಲ್ಲಿ ಸತ್ತಂತೆ ನಿದ್ದೆ ಮಾಡಿದಳು. ಬೆಳಗ್ಗೆ ಹೋಗಿ ನೋಡಿದರೆ ನಿನ್ನೆಯ ಸಾಲಿನ ಕೊನೆಯ ಚೌಕದಲ್ಲಿ ಕೆಂಪು ಗೆರೆ! "ನಾನಲ್ಲ! ನಾನು ಇರ್ಲೇ ಇಲ್ಲ ಅಲ್ವಾ ಆಂಟಿ?" ಎಂದು ಅಕ್ಕನ ಕೈಯನ್ನು ಹಿಂಡಿಬಿಟ್ಟಳು. ಅಮ್ಮ ಆಗಷ್ಟೇ ಆಸ್ಪತ್ರೆಯಿಂದ ಬಂದರು. ಅಕ್ಕ ಎಲ್ಲರನ್ನೂ ಹಜಾರದಲ್ಲಿ ಕೂರಿಸಿದಳು. ಅಣ್ಣ ಓಡಿಹೋಗದಂತೆ ನಾನು ಬಾಗಿಲ ಬಳಿ ಕೂತೆ.

"ಹುಡುಗಿ ತಲೆ ನೆಟ್ಟಗಿದೆ," ಎಂದು ಶುರು ಮಾಡಿದಳು ಅಕ್ಕ. "ಗೆರೆ ಅವಳು ಹಾಕಿದ್ದಲ್ಲ. ಅವಳಮ್ಮನೂ ಅಲ್ಲ, ಅವರು ಡ್ಯೂಟಿಲಿದ್ರು. ಉಳಿದವರು ಇಬ್ಬರು."

"ನನ್ನನ್ಯಾಕೆ ಎಲ್ಲರೂ ನೋಡ್ತಿದ್ದೀರಾ?" ಎಂದ ಅಣ್ಣ. ಎಲ್ಲರೂ ನೋಡುತ್ತಿರಲಿಲ್ಲ, ನಾನೊಬ್ಬನೇ ನೋಡುತ್ತಿದ್ದೆ.

"ತಂಗೀನ ಕೆಡವಬೇಕು ಅಂತಿದ್ರೆ ನೀನು ಮುಖ್ಯವಾದ ಪಾಠಗಳಿಗೇ ಗೆರೆ ಹಾಕ್ತಿದ್ದೆ. ಯಾವುದು ಮುಖ್ಯ ಅಂತ ನಿನಗೆ ಚೆನ್ನಾಗಿ ಗೊತ್ತು. ಇಲ್ಲಿ ಪಾಠ ಯಾವುದು ಅಂತ ನೋಡೇ ಇಲ್ಲ. ಸಾಲಿನ ಕೊನೇದು, ಅಷ್ಟೇ. ಇನ್ನೊಂದು ಮಾತು. ನಿನ್ನೆ ಹುಡುಗಿ ಓದಿಲ್ಲ ಅಂತ ಅವಳಿಗೇ ಗೊತ್ತಿತ್ತು. ಆ ಗೆರೆಯಿಂದ ಅವಳಿಗೆ ಮೋಸ ಮಾಡೋಕಾಗ್ತಿರಲಿಲ್ಲ. ಆದ್ರೂ ಬಿತ್ತು. ಹಾಕಿದೋರಿಗೆ ಚೌಕ ಖಾಲಿ ಇರೋದನ್ನ ನೋಡೋಕೇ ಆಗ್ತಿರಲಿಲ್ಲ." ಅಕ್ಕ ಅಪ್ಪನ ಕಡೆ ತಿರುಗಿದಳು. "ತಡವಾದ್ರೆ ಕೊನೇ ಟ್ರಿಪ್ ಕೈಬಿಟ್ಟು, ಓಡಿದೆ ಅಂತ ತೋರಿಸಿ, ಬೆಳಗ್ಗೆ ಟೈಮಿಗೆ ಹೊರಡಿಸೋದು. ಅದು ನಿಮ್ಮ ಡಿಪೋದ ಪದ್ಧತಿ. ನಿನ್ನೆ ಫೋನಲ್ಲಿ ನೀವೇ ಹೇಳ್ತಿದ್ರಿ."

ಅಪ್ಪ ಇಲ್ಲ ಎನ್ನಲಿಲ್ಲ. "ಹೋದ ವರ್ಷ ಓದೋ ಬಾಕಿ ಬೆಳೀತಾ ಹೋದ ಹಾಗೆ ಊಟ ಬಿಟ್ಟಳು. ಈ ಸಲ ಎದ್ದ ತಕ್ಷಣ ಬಾಕಿ ಕಾಣಬಾರ್ದು ಅಂತ..." ಅವರು ಮಗಳ ಕೋಣೆಯ ಕಡೆ ನೋಡಿದರು. "ಆಮೇಲಾಮೇಲೆ ನಾನೂ ನಂಬಿಬಿಟ್ಟೆ. ಪಟ್ಟಿ ತುಂಬಿದ್ರೆ ಸೀಟು ಸಿಕ್ಕೇ ಸಿಗುತ್ತೆ ಅಂತ."

ಅಣ್ಣನ ಮುಖ ನೋಡಲು ನನಗೆ ನಾಚಿಕೆಯಾಯಿತು. ಹುಡುಗಿ ಮೊದಲು ನಕ್ಕಳು. ತಲೆ ಕೆಟ್ಟಿಲ್ಲವೆಂಬ ಸಂತೋಷ ಅದು. ನಗು ಮುಗಿಯುವ ಮುಂಚೆಯೇ ಅಳು ಬಂತು.

"ಇಷ್ಟು ದಿನ ನಾನು ಹೇಗೆ ಬದುಕಿದ್ದೀನಿ ಅಂತ ಗೊತ್ತಾ ಅಪ್ಪಾ? ಸತ್ತರೆ ಸಾಕು ಅನ್ಸಿತ್ತು."

ಅಮ್ಮ ಬಂದು ಅವಳನ್ನು ತಬ್ಬಿಕೊಂಡರು. ಅಪ್ಪ ಎದ್ದು ನಿಂತರು, ಮತ್ತೆ ಕೂತರು. "ತಪ್ಪಾಯ್ತು ಕಂದಾ. ಹೊಸ ಪಟ್ಟಿ ಹಾಕೋಣ. ಬಿಟ್ಟುಹೋಗಿರೋದನ್ನೆಲ್ಲ ಸೇರಿಸಿ..."

"ಎಲ್ಲಿ ಸೇರಿಸ್ತೀರಾ? ದಿನ ಎಲ್ಲಿದೆ?" ಅಮ್ಮನ ತೋಳು ಬಿಡಿಸಿಕೊಂಡು ಕೇಳಿದಳು. "ಪರೀಕ್ಷೆಗೆ ಕೂತೇ ಕೂರ್ತೀನಿ. ನಾನು ಓದಿರೋದನ್ನ ನಾನು ಬರೀತೀನಿ. ನೀವು ಗೆರೆ ಹಾಕಿ ಓದಿಸಿದ್ದೀರಲ್ಲ, ಅದನ್ನ ಯಾರು ಬರೀತಾರೆ ಅಪ್ಪಾ?"

ಹುಡುಗಿ ಮುಖ ಒರೆಸಿಕೊಂಡು, ಪುಸ್ತಕ ಎತ್ತಿಕೊಂಡು ಓದಲು ಒಳಗೆ ಹೋದಳು.