ಎರಡನೆಯ ಗೆರೆ

ಅವಳ ಮುಂದೆ ತಲೆ ಬಗ್ಗಿಸದ ಗಂಡಸು ಆ ಊರಿನಲ್ಲಿ ಒಬ್ಬನೂ ಇರಲಿಲ್ಲ. ಮೇಯರ್ ಬಗ್ಗಿಸಿದ್ದ, ಪೊಲೀಸ್ ಇನ್ಸ್‌ಪೆಕ್ಟರ್ ಬಗ್ಗಿಸಿದ್ದ, ದೇವರು ಬಂದು ಕೇಳಿದರೂ ಬಗ್ಗದ ಬ್ಯಾಂಕ್ ಮ್ಯಾನೇಜರ್ ಕೂಡ ಕತ್ತಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ಅವಳ ಎರಡು ಬೆರಳು ಒತ್ತಿದ ಕಡೆಗೆ ಕುರಿಮರಿಯ ಹಾಗೆ ತಲೆ ವಾಲಿಸಿದ್ದ. ಸೋದರಮಾವನ ಆ ಹೇರ್ ಕಟಿಂಗ್ ಅಂಗಡಿಯಲ್ಲಿ ಎರಡು ಕುರ್ಚಿಗಳಿದ್ದವು. ಮಾವನ ಕುರ್ಚಿ ಖಾಲಿ ಇದ್ದರೂ ಜನ ಬೆಂಚಿನ ಮೇಲೆ ಕೂತು ಅವಳ ಕುರ್ಚಿಗೇ ಕಾಯುತ್ತಿದ್ದರು. ಮಾವನಿಗೆ ಬೇಜಾರಿರಲಿಲ್ಲ. ಪೇಪರ್ ಓದಲು ಅವನಿಗೂ ಒಂದು ಕುರ್ಚಿ ಬೇಕಿತ್ತಲ್ಲ.

ಜನ ಕಾಯುತ್ತಿದ್ದದ್ದು 'ಹನ್ನೊಂದು ಕಟ್'ಗೆ. ಊರಿನ ಫುಟ್‌ಬಾಲ್ ತಂಡದ ಹನ್ನೊಂದನೇ ನಂಬರಿನ ಆಟಗಾರನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಅವರಿಗೇ ಮರೆತುಹೋಗಿತ್ತು. ಎಲ್ಲರಿಗೂ ಅವನು ಬರೀ 'ಹನ್ನೊಂದು'. ಅವನು ಓಡತೊಡಗಿದರೆ ಅವನ ನೆರಳು ಅರ್ಧ ದಾರಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತಿತ್ತು. ಅವನ ಎಡಗಿವಿಯ ಮೇಲೆ ರೇಜರಿನಿಂದ ಎಳೆದ ಎರಡು ನೆಟ್ಟನೆಯ ಗೆರೆಗಳಿದ್ದವು, ಥೇಟ್ ಹನ್ನೊಂದು. ಹಾಗಾಗಿ ಊರಿನಲ್ಲಿ ಎಡಗಿವಿ ಇದ್ದವರೆಲ್ಲ ಅದರ ಮೇಲೆ ಎರಡು ಗೆರೆ ಎಳೆಸಿಕೊಂಡರು.

ಎಲ್ಲರೂ ತಿಂಗಳಿಗೊಮ್ಮೆ ಬಂದು ಗೆರೆ ತೀಡಿಸಿಕೊಂಡು ಹೋಗುತ್ತಿದ್ದರು. ಒಬ್ಬ ಮಾತ್ರ ವಾರ ಬಿಟ್ಟು ವಾರ, ಶನಿವಾರ ತಪ್ಪದೆ ಬರುತ್ತಿದ್ದ.

ಅವನಿಗೆ 'ಡೋಲು' ಎಂದು ಹೆಸರು. ವಾರವೆಲ್ಲ ರಸ್ತೆಗೆ ಬಿಳಿ ಗೆರೆ ಬಳಿಯುವ ಕೆಲಸ. ಭಾನುವಾರ ಸ್ಟೇಡಿಯಮ್ಮಿನಲ್ಲಿ ಡೋಲು ಬಾರಿಸುವ ಕೆಲಸ. ಅವನು ಬಾರಿಸಿದರೆ ಎದುರು ತಂಡದ ಗೋಲ್‌ಕೀಪರಿಗೆ ಮುಂದಿನ ಪಂದ್ಯದವರೆಗೂ ಕಿವಿ ಗುಂಯ್ ಎನ್ನುತ್ತಿತ್ತು. ಇಂಥ ಗಂಡು ಅವಳ ಕುರ್ಚಿಯಲ್ಲಿ ಕೂತ ತಕ್ಷಣ ಮೂಗನ ಹಾಗೆ ಆಗಿಬಿಡುತ್ತಿದ್ದ. ಅವರಿಬ್ಬರೂ ಎದುರುಬದುರು ನಿಂತು ನೋಡಿಕೊಂಡದ್ದೇ ಇಲ್ಲ. ಎಲ್ಲವೂ ಕನ್ನಡಿಯಲ್ಲೇ. ಅವಳು ಬಾಚಣಿಗೆ ಹುಡುಕಲು ಬಗ್ಗಿದಾಗ ಅವನು ನೋಡುತ್ತಿದ್ದ. ಅವಳು ತಲೆ ಎತ್ತಿದರೆ ಕನ್ನಡಿಯ ಕೆಳಗಿನ ಪೌಡರ್ ಡಬ್ಬಿ ಓದುತ್ತಿದ್ದ. ಆ ಡಬ್ಬಿಯ ಮೇಲಿನ ಬರಹ ಅದನ್ನು ಅಚ್ಚು ಹಾಕಿದವನಿಗಿಂತ ಚೆನ್ನಾಗಿ ಅವನಿಗೆ ಬಾಯಿಪಾಠವಾಗಿತ್ತು. ಅವಳೂ ಕಡಿಮೆಯವಳಲ್ಲ. ಐದು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ತೆಗೆದುಕೊಂಡು, ಊದಬೇಕಾದ ಕೂದಲೇ ಇಲ್ಲದ ಕಡೆಯೂ ಒಮ್ಮೆ ಮೆಲ್ಲಗೆ ಊದುತ್ತಿದ್ದಳು. ಅವನ ಕಿವಿ ಕೆಂಪಾಗುವುದನ್ನು ನೋಡಿ ಕೆಳತುಟಿ ಕಚ್ಚಿಕೊಳ್ಳುತ್ತಿದ್ದಳು.

ಆ ಶನಿವಾರ ಅವಳು ಒಂದು ಮಾತು ತಯಾರು ಮಾಡಿಟ್ಟುಕೊಂಡಿದ್ದಳು: ನಾಳೆ ಮ್ಯಾಚಿಗೆ ನನ್ನನ್ನೂ ಕರ್ಕೊಂಡು ಹೋಗ್ತೀರಾ. ಇಷ್ಟೇ. ಎರಡನೆಯ ಗೆರೆ ಮುಗಿದ ಮೇಲೆ ಕೇಳುವುದೆಂದು ನಿಶ್ಚಯಿಸಿದ್ದಳು. ಮೊದಲನೆಯ ಗೆರೆ ಎಳೆದು, ರೇಜರ್ ಒರೆಸಿಕೊಂಡಳು.

ಅಷ್ಟರಲ್ಲಿ ಗೋಡೆಯ ಟಿವಿ ಬಾಯಿಬಿಟ್ಟಿತು. ಹನ್ನೊಂದು ಡೋಪ್ ಟೆಸ್ಟಿನಲ್ಲಿ ಸಿಕ್ಕಿಬಿದ್ದಿದ್ದಾನೆ, ಉದ್ದೀಪನ ಮದ್ದು ಪತ್ತೆಯಾಗಿದೆ, ಎರಡು ವರ್ಷ ನಿಷೇಧ.

ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ಮಾತಾಡಿದರು. ಟೈರ್ ಅಂಗಡಿಯವನ ಪ್ರಕಾರ ಲ್ಯಾಬಿನವರು ಬಾಟಲಿ ಅದಲುಬದಲು ಮಾಡಿದ್ದರು. ರಿಟೈರ್ಡ್ ಮೇಷ್ಟರು ಕೆಮ್ಮಿನ ಔಷಧಿಯ ಮೇಲೆ ಅನುಮಾನಪಟ್ಟರು. ಮೂರನೆಯವನು ಎದುರು ತಂಡದ ಅಡುಗೆಯವನನ್ನು ತಾನೇ ಕಣ್ಣಾರೆ ಕಂಡಷ್ಟು ಖಚಿತವಾಗಿ ಹಿಡಿದುಹಾಕಿದ. ತಪ್ಪು ಯಾರದು ಬೇಕಾದರೂ ಆಗಬಹುದಿತ್ತು, ಹನ್ನೊಂದರದು ಮಾತ್ರ ಆಗುವಂತಿರಲಿಲ್ಲ.

ಡೋಲು ಮೊದಲ ಬಾರಿಗೆ ಪೌಡರ್ ಡಬ್ಬಿ ಬಿಟ್ಟು, ಕನ್ನಡಿಯಲ್ಲಿ ಅವಳ ಕಣ್ಣನ್ನೇ ನೋಡಿದ.

"ಮೇಡಂ, ನೀವು ಹೇಳಿ. ಅವನು ತಗೊಂಡಿರ್ತಾನಾ?"

ಅವಳ ಬಾಯಿಗೆ ಒಂದು ರೋಗವಿತ್ತು, ಅದು ಸುಳ್ಳಾಡುತ್ತಿರಲಿಲ್ಲ. ನೆತ್ತಿ ಬಕ್ಕವಾಗಿರುವುದು ಕಾಣುತ್ತಾ ಎಂದು ಮೇಯರ್ ಕೇಳಿದಾಗಲೂ "ಬಸ್ ಸ್ಟ್ಯಾಂಡಿಂದಾನೇ ಕಾಣುತ್ತೆ ಸರ್" ಎಂದವಳು. ಹೋದ ತಿಂಗಳು ಮಂಡಿ ಹಿಡಿದುಕೊಂಡು ಕುಂಟುತ್ತಿದ್ದ ಹನ್ನೊಂದು ಎರಡೇ ವಾರದಲ್ಲಿ ಕುದುರೆಯಾಗಿದ್ದನ್ನು ಅವಳೂ ಟಿವಿಯಲ್ಲಿ ನೋಡಿದ್ದಳು.

"ತಗೊಂಡಿದ್ರೂ ತಗೊಂಡಿರಬಹುದು," ಎಂದಳು.

ಅವನು ಎದ್ದುಬಿಟ್ಟ. ಕತ್ತಿನಲ್ಲಿ ಬಿಳಿ ಬಟ್ಟೆ, ಕಿವಿಯ ಮೇಲೆ ಒಂದೇ ಗೆರೆ. ಹನ್ನೊಂದು ಮತ್ತೆ ಮೈದಾನಕ್ಕೆ ಇಳಿಯುವವರೆಗೂ ತನ್ನ ತಲೆಗೆ ಬ್ಲೇಡಾಗಲಿ ಕತ್ತರಿಯಾಗಲಿ ತಾಗುವುದಿಲ್ಲ ಎಂದು ಶಪಥ ಮಾಡಿದ. ಡೋಲಿನವನ ಗಂಟಲು ನೋಡಿ, ಮೂರು ಬೀದಿಗೆ ಕೇಳಿಸಿತು. ಆಮೇಲೆ ಬಟ್ಟೆ ಬಿಚ್ಚುವುದನ್ನೂ ಮರೆತು, ರಾಜ ಮೇಲಂಗಿ ಹಾರಿಸಿಕೊಂಡು ಹೋಗುವ ಹಾಗೆ ಬಾಗಿಲು ದಾಟಿದ.

ಅವಳ ಕೈಯಲ್ಲಿ ರೇಜರ್ ಹಾಗೇ ಉಳಿಯಿತು. ಬಾಯಲ್ಲಿ ಆ ಮಾತೂ.

ಲೆಕ್ಕ ಹಾಕಿ ನೋಡಿ. ಅವಳಿಗೂ ಅವನಿಗೂ ಇದ್ದದ್ದು ಆ ಕುರ್ಚಿಯೊಂದೇ. ಕೂದಲು ಕತ್ತರಿಸದ ಗಂಡಸಿಗೆ ಕಟಿಂಗ್ ಅಂಗಡಿಯಲ್ಲೇನು ಕೆಲಸ? ಆಟಗಾರನಿಗೆ ಎರಡು ವರ್ಷ ಮೈದಾನ ಬಂದ್ ಆದರೆ ಅವಳಿಗೆ ಎರಡು ವರ್ಷ ಆ ಮುಖವೇ ಬಂದ್. ಆಟಗಾರನಾದರೂ ಮಾತ್ರೆ ನುಂಗಿದ್ದ. ಅವಳು ನುಂಗಿದ್ದೇನು? ನಿಜ ನುಂಗಿಕೊಂಡು ಒಂದು ಸುಳ್ಳು ಹೇಳಬಹುದಿತ್ತು, ಅದನ್ನೂ ಮಾಡಲಿಲ್ಲ.

ಊರು ಇಬ್ಭಾಗವಾಯಿತು. ಒಂದು ಗುಂಪು ಹನ್ನೊಂದರ ಜೆರ್ಸಿ ಸುಟ್ಟಿತು, ಇನ್ನೊಂದು ಗುಂಪು ಸುಟ್ಟವರ ಮೇಲೆ ನೀರು ಎರಚಿತು. ಗಂಡ ಹೆಂಡಿರು ಒಂದೇ ಮಂಚದಲ್ಲಿ ಗಡಿ ಎಳೆದುಕೊಂಡು ಮಲಗಿದರು ಎನ್ನುತ್ತಾರೆ. ಹೆಚ್ಚೇನಿಲ್ಲ, ಒಂದು ನಲವತ್ತು ಮನೆಗಳಲ್ಲಿ. ಡೋಲಿನ ಶಪಥ ಎಲ್ಲರ ಬಾಯಿಗೆ ಬಿತ್ತು. ಕಿವಿಯ ಮೇಲಿನ ಒಂಟಿ ಗೆರೆ ಕಂಡರೆ ಸಾಕು, ಕೆಲವರು ಬೆನ್ನು ತಟ್ಟುತ್ತಿದ್ದರು, ಕೆಲವರು ಭುಜ ತಾಗಿಸಿಕೊಂಡು ಹೋಗುತ್ತಿದ್ದರು.

ಇದೆಲ್ಲ ಅವಳಿಗೆ ತಿಳಿಯುತ್ತಿದ್ದದ್ದು ಅವನ ಅಪ್ಪನಿಂದ. ಶಪಥದ ಮುಂದಿನ ವಾರವೇ ಮುದುಕರು ಕಟಿಂಗಿಗೆ ಬಂದರು. ಅದರ ಮುಂದಿನ ವಾರ ಡೋಲಿನ ಭಾವ ಬಂದ. ಆಮೇಲೆ ಪಕ್ಕದ ಮನೆಯವನು, ಅವನ ತಮ್ಮ, ಮತ್ತೆ ಅಪ್ಪ.

"ಯಜಮಾನರೇ, ಮೊನ್ನೆ ತಾನೇ ಕತ್ತರಿಸಿದ್ದಲ್ಲ," ಎಂದಳು.

"ನನಗೂ ಗೊತ್ತಮ್ಮ. ಮಗ ಬಿಡ್ತಿಲ್ಲ. ಹೊರಗೆ ನಿಂತಿದಾನೆ ನೋಡು," ಎಂದು ಮುದುಕರು ನಿಟ್ಟುಸಿರು ಬಿಟ್ಟರು.

ಅವಳು ತಿರುಗಲಿಲ್ಲ. ಕನ್ನಡಿಯ ಮೂಲೆಯಲ್ಲಿ ಬಾಗಿಲು, ಬಾಗಿಲಲ್ಲಿ ರಸ್ತೆ, ರಸ್ತೆಯ ಆಚೆ ಅವನು. ಅವಳ ಕಣ್ಣು ಸೋಕಿದ್ದೇ ತಡ, ಎದುರಿನ ಪಾತ್ರೆ ಅಂಗಡಿಯ ಬೋರ್ಡು ಓದತೊಡಗಿದ. ಪೌಡರ್ ಡಬ್ಬಿ ಹೋಗಿ ಪಾತ್ರೆ ಅಂಗಡಿ ಬಂದಿತ್ತು. ಆ ದಿನ ಅವಳು ಮುದುಕರ ತಲೆಯಲ್ಲಿ ಇಲ್ಲದ ಕೂದಲನ್ನು ಮುಕ್ಕಾಲು ಗಂಟೆ ಕತ್ತರಿಸಿದಳು. ಏಳುವಾಗ ಮುದುಕರು ಮೆಲ್ಲಗೆ ಇನ್ನೊಂದು ಸುದ್ದಿ ಹೇಳಿದರು: ಬಸ್ ಸ್ಟ್ಯಾಂಡಿನಲ್ಲಿ ಯಾರೋ ನಾಲ್ಕು ಜನ ಅವನನ್ನು ತಳ್ಳಾಡಿದ್ದಾರೆ, ತುಟಿ ಒಡೆದಿದೆ. ಅವಳು ಮತ್ತೆ ಕನ್ನಡಿ ನೋಡಿದಳು. ಅಷ್ಟು ದೂರಕ್ಕೆ ತುಟಿ ಕಾಣಲಿಲ್ಲ. ಕೂದಲು ಬೆಳೆದು ಆ ಒಂದು ಗೆರೆಯೂ ಮುಚ್ಚಿಹೋಗಿದ್ದು ಮಾತ್ರ ಕಂಡಿತು.

ಆಮೇಲೆ ಅವಳ ಕೈಗೆ ಸುಖವಿರಲಿಲ್ಲ. ಬಾಗಿಲು ಕಿರ್ ಎಂದರೆ ಕತ್ತರಿ ನಿಲ್ಲುತ್ತಿತ್ತು. ರಸ್ತೆಯಲ್ಲಿ ಯಾರಾದರೂ ಜೋರಾಗಿ ಕೂಗಿದರೆ ಕಣ್ಣು ಕನ್ನಡಿಯ ಮೂಲೆಗೆ ಓಡುತ್ತಿತ್ತು. ಹನ್ನೊಂದು ತಪ್ಪಿತಸ್ಥನೆಂದು ಆ ಊರಿನಲ್ಲಿ ಮೊದಲು ಬಾಯಿಬಿಟ್ಟವಳೇ ಈಗ, ಹೇಗಾದರೂ ಅವನು ನಿರಪರಾಧಿ ಆಗಿಬಿಡಲಪ್ಪ ಎಂದು ಬೇಡಿಕೊಳ್ಳತೊಡಗಿದಳು.

ಬೇಡಿಕೆ ಎಲ್ಲಿಗೂ ತಲುಪಲಿಲ್ಲ. ಒಂದು ಬೆಳಗ್ಗೆ ಹನ್ನೊಂದು ತಾನೇ ಟಿವಿಗೆ ಬಂದು ಕೂತ. ಮಂಡಿ ನೋವಿತ್ತು, ತಂಡದಲ್ಲಿ ಜಾಗ ಹೋಗುತ್ತದೆಂದು ಹೆದರಿದೆ, ಗೊತ್ತಿದ್ದೇ ತೆಗೆದುಕೊಂಡೆ, ಬೇರೆ ಯಾರ ತಪ್ಪೂ ಇಲ್ಲ ಎಂದ. ಹೇಳಿ ತಲೆ ತಗ್ಗಿಸಿದ. ಅವನ ಕಿವಿಯ ಮೇಲೂ ಗೆರೆಗಳಿರಲಿಲ್ಲ.

ಮಧ್ಯಾಹ್ನದೊಳಗೆ ಅಂಗಡಿಯ ಮುಂದಿನ ಸಾಲು ಮೂಲೆ ತಿರುಗಿ, ಚೌಕ ದಾಟಿ, ಪಕ್ಕದ ಊರಿನ ಬೋರ್ಡಿನವರೆಗೂ ಹೋಗಿತ್ತು. ಎಲ್ಲರಿಗೂ ಹನ್ನೊಂದು ಕಟ್ ಅಳಿಸಬೇಕು, ಅಳಿಸಲು ಇರುವುದು ಒಂದೇ ದಾರಿ: ನುಣ್ಣಗೆ ಬೋಳಿಸುವುದು. ಲ್ಯಾಬ್, ಕೆಮ್ಮಿನ ಔಷಧಿ, ಅಡುಗೆಯವನು, ಯಾರ ಬಾಯಲ್ಲೂ ಇಲ್ಲ. ನಮಗೆ ಮೊದಲೇ ಗೊತ್ತಿತ್ತು ಎನ್ನುವವರೇ ಎಲ್ಲ; ಕೆಳಗೆ ಬಿದ್ದರೂ ಯಾರ ಮೀಸೆಯೂ ಮಣ್ಣಾಗಿರಲಿಲ್ಲ. ಮಾವ ಕೂಡ ಪೇಪರ್ ಮಡಚಿ ಕೆಲಸಕ್ಕಿಳಿದ, ಅದು ಗ್ರಹಣಕ್ಕಿಂತ ಅಪರೂಪದ ದೃಶ್ಯ. ಆ ದಿನ ಊರಿನ ಮೇಲೆ ಹಾರಿದ ಹಕ್ಕಿಗಳಿಗೆ ಬೋಳುತಲೆಗಳ ಹೊಳಪಿಗೆ ಕಣ್ಣು ಕೋರೈಸಿತು.

ಅವಳು ಪ್ರತಿ ತಲೆಯನ್ನೂ ಮುಟ್ಟುವ ಮೊದಲು ಮುಖ ನೋಡಿದಳು. ಅವನಲ್ಲ. ಇವನೂ ಅಲ್ಲ. ಮಾರನೆಯ ದಿನವೂ ಅವನಿಲ್ಲ. ಕನ್ನಡಿಯ ಮೂಲೆಯಲ್ಲಿ ರಸ್ತೆ ಖಾಲಿ. ಅವನ ಅಪ್ಪ ಬರಲಿಲ್ಲ, ಭಾವ ಬರಲಿಲ್ಲ, ಪಕ್ಕದ ಮನೆಯವನ ಸುಳಿವೂ ಇಲ್ಲ. ತುಟಿ ಒಡೆದವರು ಈಗ ಏನೇನು ಒಡೆದಿದ್ದಾರೋ ಎಂದು ಯೋಚಿಸಿ ಯೋಚಿಸಿ, ರಿಟೈರ್ಡ್ ಮೇಷ್ಟರ ಹುಬ್ಬಿಗೂ ಕ್ರೀಮ್ ಹಚ್ಚಿಬಿಟ್ಟಿದ್ದಳು.

ಪೇಪರಿನ ಹಿಂದಿನಿಂದ ಮಾವನ ದನಿ ಬಂತು. "ಆ ಬಿಳಿ ಬಟ್ಟೆ ಹೋಗಿ ಎಷ್ಟು ದಿನ ಆಯ್ತೇ?"

"ಯಾವ ಬಟ್ಟೆ ಮಾವ?"

"ಒಳ್ಳೆ ಬಟ್ಟೆ ಅದು. ಸ್ಟೇಡಿಯಂ ರಸ್ತೇಲಿ ಗೆರೆ ಬಳೀತಾವ್ರಂತೆ. ಹೋಗಿ ಇಸ್ಕೊಂಡು ಬಾ. ಮೇಷ್ಟರ ಹುಬ್ಬು ನಾನು ನೋಡ್ಕೋತೀನಿ."

ಅವನು ಸ್ಟೇಡಿಯಮ್ಮಿನ ಗೇಟಿನ ಮುಂದೆ ಒಬ್ಬನೇ ಮಂಡಿಯೂರಿ ಕೂತು, ದಾರ ಹಿಡಿದು, ಜನ ದಾಟುವ ಪಟ್ಟೆಗಳಿಗೆ ಬಣ್ಣ ಬಳಿಯುತ್ತಿದ್ದ. ತಲೆ ಕಾಗೆಗೂಡಾಗಿತ್ತು; ಕಾಗೆಯೇ ನೋಡಿದ್ದರೆ ಬಾಡಿಗೆ ವಿಚಾರಿಸುತ್ತಿತ್ತು. ಮೈಕೈ ನೆಟ್ಟಗಿತ್ತು. ಅದನ್ನು ನೋಡಿದ ಮೇಲೆಯೇ ಅವಳಿಗೆ ಉಸಿರು ಬಂತು. ಅವನಿಗೆ ಮೊದಲು ಕಂಡದ್ದು ಅವಳ ಚಪ್ಪಲಿ.

"ಅಲ್ಲೇ ನಿಲ್ಲಿ. ಪೇಂಟು ಹಸಿ ಇದೆ."

"ನಮ್ಮ ಬಟ್ಟೆ ನಿಮ್ಮ ಹತ್ರ ಇದೆ," ಎಂದಳು.

ಅವನು ಎದ್ದು ಹೋಗಿ ಕೈಗಾಡಿಯಿಂದ ತನ್ನ ಊಟದ ಚೀಲ ತಂದ. ಬಟ್ಟೆ ಒಗೆದು ಇಸ್ತ್ರಿ ಮಾಡಿತ್ತು, ಮಡಿಕೆಯಲ್ಲಿ ಬೆರಳು ಕುಯ್ದುಕೊಳ್ಳುವಷ್ಟು ಚೂಪಾಗಿ.

"ದಿನಾ ಕೊಡಬೇಕು ಅಂತ ತರ್ತೀನಿ. ದಿನಾ ವಾಪಸ್ ತಗೊಂಡು ಹೋಗ್ತೀನಿ."

"ಊರಿಗೆ ಊರೇ ಬಂದು ಬೋಳಿಸ್ಕೊಂಡ್ತು. ನೀವು ಬರಲಿಲ್ಲ."

"ಶಪಥ ಮಾಡಿದೀನಲ್ಲ."

"ಅವನು ಸುಳ್ಳು ಅಂತ ಗೊತ್ತಾದ ಮೇಲೂನಾ?"

"ಸುಳ್ಳು ಹೇಳಿದ್ದು ಅವನು ಮೇಡಂ. ನಾನಲ್ಲವಲ್ಲ."

ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಯಾರೋ ಒಬ್ಬ ಆಟಗಾರನಿಗಾಗಿ ಆಡಿದ ಮಾತಿಗೆ ಹೀಗೆ ಜೋತುಬಿದ್ದಿರುವವನು, ತನಗೊಂದು ಮಾತು ಕೊಟ್ಟಿದ್ದರೆ ಹೇಗೆ ಹಿಡಿದುಕೊಳ್ಳುತ್ತಿದ್ದನೋ. ಅವನು ಇನ್ನೂ ಏನೋ ಗೊಣಗುತ್ತಿದ್ದ: ನೀವು ಅವತ್ತೇ ಹೇಳಿದ್ರಿ, ನಾನು ಊರು ಕೇಳೋ ಹಾಗೆ ಕೂಗಾಡಿದೆ, ಈಗ ಯಾವ ಮುಖ ಇಟ್ಕೊಂಡು ಬರಲಿ.

"ಮುಖ ಯಾರು ಕೇಳಿದ್ರು? ನಮ್ಮಂಗಡಿಗೆ ತಲೆ ತಂದ್ರೆ ಸಾಕು."

"ಅದೇ ತರೋ ಹಾಗಿಲ್ಲವಲ್ಲ. ಎರಡು ವರ್ಷ."

"ಎರಡು ವರ್ಷ ನಾನೇನು ಮಾಡ್ಲಿ?"

ಮಾತು ಅವಳನ್ನು ಕೇಳದೆ ಹೊರಬಿದ್ದಿತ್ತು. ಅವನ ಕೈಯ ಬ್ರಷ್ ಜಾರಿ ಅವನದೇ ಬೂಟಿನ ಮೇಲೆ ಬಿತ್ತು; ಎರಡು ಕಾಲೂ ಬಿಳಿಯಾದದ್ದು ಅವನಿಗೆ ತಿಳಿಯಲಿಲ್ಲ. ಮುಂದೆ ಕನ್ನಡಿಯಿಲ್ಲ, ಓದಲು ಡಬ್ಬಿಯಿಲ್ಲ, ಬೋರ್ಡಿಲ್ಲ. ಜನ್ಮದಲ್ಲಿ ಮೊದಲ ಸಲ ಅವನು ಅವಳನ್ನು ನೇರವಾಗಿ ನೋಡಬೇಕಾಯಿತು. ನೋಡಿದ.

"ಒಂದು ನಿಜ ಹೇಳ್ಲಾ? ಆ ಗೆರೆ ಒಂದು ತಿಂಗಳು ಹಾಳಾಗಲ್ಲ ಅಂತ ನನಗೆ ಗೊತ್ತಿತ್ತು. ಗೆರೆ ಬಳಿಯೋದೇ ನನ್ನ ಕೆಲಸ. ಆದ್ರೂ ವಾರ ಬಿಟ್ಟು ವಾರ ಬರ್ತಿದ್ದೆ."

"ನನಗೂ ಗೊತ್ತಿತ್ತು," ಎಂದಳು ಸುಳ್ಳಾಡದ ಹುಡುಗಿ. "ಇಷ್ಟು ಬೇಗ ಬರೋದು ಬೇಡ ಅಂತ ಒಂದಿನಾನೂ ಹೇಳಲಿಲ್ಲ."

ಆಮೇಲೆ ಇಬ್ಬರೂ ಬಣ್ಣ ಒಣಗುವುದನ್ನು ನೋಡುತ್ತಾ ನಿಂತರು. ದಾರಿಗೆ ಕಾದು ನಿಂತಿದ್ದ ಗಾಡಿಗಳ ಹಾರ್ನ್ ಊರಾಚೆಗೂ ಕೇಳಿತು, ಅವರಿಬ್ಬರಿಗೆ ಮಾತ್ರ ಕೇಳಲಿಲ್ಲ.

"ಅವತ್ತು ಏನಂತ ಶಪಥ ಮಾಡಿದೆ? ಸರಿಯಾಗಿ ಹೇಳು," ಎಂದಳು. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರೂ ಗಮನಿಸಲಿಲ್ಲ.

"ತಲೆಗೆ ಬ್ಲೇಡು ತಾಗಲ್ಲ, ಕತ್ತರಿ ತಾಗಲ್ಲ ಅಂತ."

"ಬೆರಳು?"

ಅವನು ತುಂಬಾ ಹೊತ್ತು ಯೋಚಿಸಿದ. ಮಾತಿಗೆ ತಪ್ಪುವವನಲ್ಲ, ಅಕ್ಷರ ಅಕ್ಷರ ತಿರುವಿ ನೋಡಿದ. ಅವಳಿಗೆ ಆ ಒಂದು ನಿಮಿಷ ಆ ಎರಡು ವರ್ಷಕ್ಕಿಂತ ಉದ್ದವಾಗಿತ್ತು.

"ಬೆರಳಿನ ಬಗ್ಗೆ ಏನೂ ಹೇಳಿಲ್ಲ," ಎಂದ.

ಆ ಸಂಜೆ ಅವನು ಅವಳ ಕುರ್ಚಿಯಲ್ಲಿ ಕೂತಾಗ ಬೆಂಚಿನ ಮೇಲಿನ ಬೋಳುತಲೆಗಳೆಲ್ಲ ಒಟ್ಟಿಗೆ ಆ ಕಡೆ ತಿರುಗಿದವು. ಶಪಥ ಮುರಿದನಾ ಎಂದು ಟೈರ್ ಅಂಗಡಿಯವನು ಕೇಳಿದ. ಮಾವ ಪೇಪರ್ ಇಳಿಸದೆ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವುದು ಯಾವ ಶಪಥದಲ್ಲೂ ನಿಷೇಧವಿಲ್ಲ ಎಂದು ತೀರ್ಪು ಕೊಟ್ಟ.

ಅವಳು ಇಸ್ತ್ರಿಯ ಮಡಿಕೆ ಬಿಡಿಸಿ ಬಟ್ಟೆ ಕಟ್ಟಿದಳು. ಅಂಗೈಗೆ ಎಣ್ಣೆ ಸುರಿದುಕೊಂಡು ಆ ಕಾಗೆಗೂಡಿಗೆ ಹತ್ತೂ ಬೆರಳು ಇಳಿಸಿದಳು. ಎಡಗಿವಿಯ ಮೇಲೆ ಕೂದಲು ಸರಿಸಿ, ತಾನು ಎಳೆದಿದ್ದ ಮೊದಲನೆಯ ಗೆರೆ ಹೂತುಹೋದ ಜಾಗವನ್ನು ತಡವಿ ಹುಡುಕಿ, ತುದಿಬೆರಳಿನಿಂದ ಅದರ ಮೇಲೆ ಮತ್ತೆ ಎಳೆದಳು. ಒಂದು ಗಳಿಗೆ ನಿಂತಳು. ಆಮೇಲೆ ಅದರ ಪಕ್ಕದಲ್ಲಿ ಅಷ್ಟೇ ಮೆಲ್ಲಗೆ, ಅಂದು ಬಾಕಿ ಉಳಿದಿದ್ದ ಎರಡನೆಯದನ್ನು.

"ನೋಡ್ಕೋ. ಸರಿ ಇದೆಯಾ?"

ಊರಿನ ಉದ್ದಕ್ಕೂ ನೆಟ್ಟನೆಯ ಗೆರೆ ಬಳಿದವನು ಕನ್ನಡಿ ನೋಡಿದ. ಕಿವಿಯ ಕಡೆ ನೋಡಲಿಲ್ಲ. ಪೌಡರ್ ಡಬ್ಬಿಯ ಕಡೆಯಂತೂ ನೋಡಲೇ ಇಲ್ಲ.

"ಸ್ವಲ್ಪ ಸೊಟ್ಟ ಇದೆ," ಎಂದ. "ಇನ್ನೊಂದ್ಸಲ ಎಳಿ."